ಡಿಸ್ಟ್ರಿಬ್ಯೂಟ್ ಕೊಟ್ರೂ ಎಲ್‌ಇಡಿಗಳು ಪ್ಯಾನೆಲ್ ತೂತಿಗೆ ಸರಿಯಾಗಿ ಕೂರ್ತಿಲ್ಲ, ಪಿಸಿಬಿ ಲೇಔಟ್‌ನಲ್ಲಿ ಸಮ ಅಂತರ ಹೇಗೆ ತರೋದು?

ಕಿರುದೀಪ:

ಎಲ್ಲರಿಗೂ ನಮಸ್ಕಾರ. ಕೀಕ್ಯಾಡ್ 8 ಅನ್ನೋ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಒಂದು ಬೋರ್ಡ್ ಮಾಡ್ತಿದ್ದೀನಿ. ಮುಂದಿನ ಪ್ಯಾನೆಲ್‌ನಲ್ಲಿ ಒಂದೇ ಸಾಲಲ್ಲಿ 8 ಎಲ್‌ಇಡಿ ಬರಬೇಕು, ಡಿ1 ಇಂದ ಡಿ8 ತನಕ. ಪ್ಯಾನೆಲ್ ಈಗಾಗ್ಲೇ ಕಟ್ ಆಗಿದೆ, ತೂತಿನ ಸೆಂಟರ್‌ನಿಂದ ತೂತಿನ ಸೆಂಟರ್‌ಗೆ 12 ಎಂಎಂ. ಎರಡು ತುದೀಲಿರೋ ಡಿ1 ಮತ್ತು ಡಿ8 ದೊಡ್ಡ 5 ಎಂಎಂ ಎಲ್‌ಇಡಿ, ಮಧ್ಯದ ಆರು ಚಿಕ್ಕವು, 3 ಎಂಎಂದು. ಫುಟ್‌ಪ್ರಿಂಟ್ (ಬೋರ್ಡ್ ಮೇಲೆ ಕಾಂಪೊನೆಂಟ್ ಕೂರೋ ಜಾಗದ ನಕ್ಷೆ) ನಾನೇ ಬರೆದಿದ್ದು, ದೊಡ್ಡದರ ಔಟ್‌ಲೈನ್ ಅಗಲ 6 ಎಂಎಂ, ಚಿಕ್ಕದರದ್ದು 4 ಎಂಎಂ, ಎರಡರಲ್ಲೂ ಕಾಲುಗಳ ಅಂತರ 2.54.

ಡಿ1ನ ಅದರ ಜಾಗದಲ್ಲಿಟ್ಟೆ, ಡಿ8ನ ಅಲ್ಲಿಂದ ಸರಿಯಾಗಿ 84 ಎಂಎಂ ದೂರ ಇಟ್ಟೆ, ಮಧ್ಯದವನ್ನ ಕಣ್ಣಳತೇಲಿ ಇಟ್ಟು ಎಲ್ಲಾ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಮಾಡಿ ಡಿಸ್ಟ್ರಿಬ್ಯೂಟ್ ಹಾರಿಜಾಂಟಲಿ ಕೊಟ್ಟೆ. ನೋಡೋಕೆ ಸಮ ಇದೆ ಆದ್ರೆ ಅಳತೆ ಮಾಡಿದ್ರೆ ಡಿ1 ಡಿ2 ಮಧ್ಯೆ 12.71 ಬರ್ತಿದೆ, ಡಿ2 ಡಿ3 ಮಧ್ಯೆ 11.71, ಕೊನೇಲಿ ಡಿ7 ಡಿ8 ಮಧ್ಯೆ ಮತ್ತೆ 12.71. ಇದು ಸಾಫ್ಟ್‌ವೇರ್ ಬಗ್ಗಾ ಅಥವಾ ಈ ಆಪ್ಶನ್ ಇರೋದೇ ಬೇರೆ ಕೆಲಸಕ್ಕಾ? ಇನ್ನೊಂದು, ಅಲೈನ್ ಟಾಪ್ ಕೊಟ್ರೆ ದೊಡ್ಡದು ಚಿಕ್ಕದು ಒಂದೇ ಗೆರೇಲಿ ಬರ್ತಿಲ್ಲ, ತಲೆ ಮಾತ್ರ ಒಂದೇ ಮಟ್ಟದಲ್ಲಿದೆ.

ಪ್ರತಿ ಎಲ್‌ಇಡಿ ಕೆಳಗೂ ಒಂದು ರೆಸಿಸ್ಟರ್ ಇದೆ, ಪಕ್ಕದಲ್ಲಿ ಒಂದು ಕಂಟ್ರೋಲರ್ ಐಸಿ, ಅದರ ಸುತ್ತ ಕೆಪಾಸಿಟರ್‌ಗಳು. ಬೋರ್ಡ್ ಪೂರ್ತಿ ನೀಟಾಗಿ ಸಾಲಾಗಿ ಇರಬೇಕು ಅಂತ ಆಸೆ. ನೀವೆಲ್ಲ ಯಾವ ಕ್ರಮದಲ್ಲಿ ಮಾಡ್ತೀರ?

ತಾಮ್ರಗೆರೆ:

ಬಗ್ ಅಲ್ಲ, ಅದು ಕೇಳಿದ್ದನ್ನೇ ಮಾಡಿದೆ. ಡಿಸ್ಟ್ರಿಬ್ಯೂಟ್ ಅನ್ನೋದು ಎರಡು ಥರ ಇರುತ್ತೆ, ಒಂದು ಸೆಂಟರ್‌ನಿಂದ ಸೆಂಟರ್‌ಗೆ ಇರೋ ದೂರ ಸಮ ಮಾಡೋದು, ಇನ್ನೊಂದು ಪಕ್ಕಪಕ್ಕದ ಎರಡು ಕಾಂಪೊನೆಂಟ್ ಅಂಚುಗಳ ಮಧ್ಯೆ ಉಳಿಯೋ ಖಾಲಿ ಜಾಗ ಸಮ ಮಾಡೋದು. ಎಲ್ಲಾ ಒಂದೇ ಸೈಜ್ ಇದ್ರೆ ಎರಡೂ ಒಂದೇ ಉತ್ತರ ಕೊಡುತ್ತೆ ಅದಕ್ಕೇ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ಸೈಜ್ ಬೇರೆ ಆದ ತಕ್ಷಣ ಬೇರೆ ಆಗುತ್ತೆ.

ನಿಮ್ಮ ನಂಬರ್‌ನೇ ತಗೊಳ್ಳಿ. ಡಿ1ನ ಎಡ ಅಂಚಿಂದ ಡಿ8ನ ಬಲ ಅಂಚಿನ ತನಕ 84 ಪ್ಲಸ್ ಆ ಕಡೆ 3 ಈ ಕಡೆ 3, ಒಟ್ಟು 90 ಎಂಎಂ. ಅದರಲ್ಲಿ ಕಾಂಪೊನೆಂಟ್‌ಗಳೇ ತಿನ್ನೋ ಜಾಗ ಎರಡು 6 ಮತ್ತು ಆರು 4, ಅಂದ್ರೆ 36. ಉಳಿದ 54ನ 7 ಗ್ಯಾಪ್‌ಗೆ ಹಂಚಿದ್ರೆ ಒಂದೊಂದಕ್ಕೆ 7.714. ಈಗ ಡಿ1 ಸೆಂಟರ್‌ನಿಂದ ಡಿ2 ಸೆಂಟರ್‌ಗೆ 3 ಪ್ಲಸ್ 7.714 ಪ್ಲಸ್ 2, ಅಂದ್ರೆ 12.714. ಡಿ2 ಇಂದ ಡಿ3ಗೆ 2 ಪ್ಲಸ್ 7.714 ಪ್ಲಸ್ 2, ಅಂದ್ರೆ 11.714. ನಿಮಗೆ ಬಂದಿರೋದು ಅದೇ. ಖಾಲಿ ಜಾಗ ಎಲ್ಲಾ ಕಡೆ ಒಂದೇ ಇದೆ ಆದ್ರೆ ತೂತಿಗೆ ಬೇಕಾಗಿರೋದು ಸೆಂಟರ್. ಡಿ2 ತನ್ನ ತೂತಿಂದ 0.71 ಎಂಎಂ ಆಚೆ ಹೋಗಿದೆ, ಡಿ3 0.43, ಡಿ4 0.14. ಮಧ್ಯದಲ್ಲಿ ಕಮ್ಮಿ ತುದೀಲಿ ಜಾಸ್ತಿ, ಹಂಗಾಗಿ ಡಿ4 ಡಿ5 ಮಾತ್ರ ನೋಡಿದ್ರೆ ಎಲ್ಲಾ ಸರಿ ಇದೆ ಅನ್ಸುತ್ತೆ.

8ರಲ್ಲಿ ಡಿಸ್ಟ್ರಿಬ್ಯೂಟ್ ಹಾರಿಜಾಂಟಲಿ ಅಂತ ಒಂದೇ ಆಪ್ಶನ್ ಇರೋದು, ಜಾಗ ಸಾಕಷ್ಟಿದ್ರೆ ಅದು ಗ್ಯಾಪ್ ಸಮ ಮಾಡುತ್ತೆ. 2025ರ ಫೆಬ್ರವರಿಯಲ್ಲಿ ಬಂದ ಕೀಕ್ಯಾಡ್ 9ರಲ್ಲಿ ಇದನ್ನ ಎರಡು ಮಾಡಿದ್ದಾರೆ, ಸೆಂಟರ್ ಪ್ರಕಾರ ಒಂದು, ಸಮ ಗ್ಯಾಪ್ ಪ್ರಕಾರ ಇನ್ನೊಂದು. ಅಪ್‌ಗ್ರೇಡ್ ಮಾಡೋದಾದ್ರೆ ಪ್ರಾಜೆಕ್ಟ್‌ನ ಒಂದು ಕಾಪಿ ಇಟ್ಕೊಳ್ಳಿ, 9ರಲ್ಲಿ ಸೇವ್ ಮಾಡಿದ ಫೈಲ್ ವಾಪಸ್ 8ರಲ್ಲಿ ಓಪನ್ ಆಗಲ್ಲ.

ಅಲೈನ್ ಟಾಪ್ ವಿಷಯಾನೂ ಅದೇ ಕಥೆ. ಟಾಪ್ ಅಂದ್ರೆ ಮೇಲಿನ ಅಂಚು. ಔಟ್‌ಲೈನ್ ದುಂಡಗಿದೆ ಅಂದ್ಕೊಂಡ್ರೆ 6 ಎಂಎಂದು ಮತ್ತು 4 ಎಂಎಂದರ ತಲೆ ಸೇರಿಸಿದಾಗ ಸೆಂಟರ್‌ಗಳು 1 ಎಂಎಂ ಮೇಲೆ ಕೆಳಗೆ ಆಗೇ ಆಗುತ್ತೆ. ಬೇರೆಬೇರೆ ಸೈಜ್ ಇರೋ ಸಾಲಿಗೆ ಯಾವಾಗ್ಲೂ ಸೆಂಟರ್ ಅಲೈನ್. ಅಂಚು ಅಲೈನ್ ಬೇಕಾಗೋದು ಬೋರ್ಡ್ ಅಂಚಿಗೆ ಕನೆಕ್ಟರ್‌ಗಳ ಮುಖ ಸೇರಿಸೋವಾಗ, ಅಲ್ಲಿ ಮಾತ್ರ ಮುಖಾನೇ ಮುಖ್ಯ.

ಯಾವುದನ್ನ ನೋಡಿ ಉಳಿದದ್ದು ಸರಿಯುತ್ತೆ ಅನ್ನೋದೂ ತಿಳ್ಕೊಂಡಿರಿ. ಕೀಕ್ಯಾಡ್‌ನಲ್ಲಿ ರೈಟ್ ಕ್ಲಿಕ್ ಮಾಡೋವಾಗ ಕರ್ಸರ್ ಯಾವ ಕಾಂಪೊನೆಂಟ್ ಮೇಲಿದೆಯೋ ಅದೇ ಆಧಾರ, ಮಿಕ್ಕಿದ್ದು ಅದರ ಕಡೆ ಬರುತ್ತೆ. ಸೆಲೆಕ್ಷನ್‌ನಲ್ಲಿ ಲಾಕ್ ಆಗಿರೋದು ಇದ್ರೆ ಅದಕ್ಕೆ ಮೊದಲ ಪ್ರಾಶಸ್ತ್ಯ. ಹಂಗಾಗಿ ಪ್ಯಾನೆಲ್‌ಗೆ ಸಂಬಂಧಪಟ್ಟಿದ್ದನ್ನ ಮೊದಲು ಇಟ್ಟು ಎಲ್ ಒತ್ತಿ ಲಾಕ್ ಮಾಡಿಬಿಡಿ, ಆಮೇಲೆ ಏನೇ ಅಲೈನ್ ಮಾಡಿದ್ರೂ ಜಾಗ ಬಿಟ್ಟು ಹೋಗಲ್ಲ.

ಗ್ರಿಡ್‌ಪ್ರೇಮಿ:

ಮೇಲಿನವರು ಹೇಳಿದ ಲೆಕ್ಕ ಸರಿ ಇದೆ. ಆದ್ರೆ ನನ್ನ ಪ್ರಕಾರ ಪ್ಯಾನೆಲ್ ತೂತಿನಂಥ ಕೆಲಸಕ್ಕೆ ಡಿಸ್ಟ್ರಿಬ್ಯೂಟ್ ಬಳಸೋದೇ ಬೇಡ, ಸೆಂಟರ್ ಆಪ್ಶನ್ ಇದ್ರೂ ಬೇಡ. ಯಾಕಂದ್ರೆ ಡಿಸ್ಟ್ರಿಬ್ಯೂಟ್‌ಗೆ 12 ಅನ್ನೋ ನಂಬರ್ ಗೊತ್ತೇ ಇಲ್ಲ, ಅದಕ್ಕೆ ಗೊತ್ತಿರೋದು ಎರಡು ತುದಿ ಮಾತ್ರ. ತುದಿ ತಪ್ಪಿದ್ರೆ ಮಧ್ಯದ್ದು ಎಲ್ಲಾ ಸಮವಾಗಿ ತಪ್ಪುತ್ತೆ. ಇನ್ನೊಂದು, ಅದು ಸೆಂಟರ್ ಅಂತ ತಗೊಳ್ಳೋದು ಫುಟ್‌ಪ್ರಿಂಟ್ ಸುತ್ತ ಎಳೆದ ಚೌಕದ ಸೆಂಟರ್. ಎಲ್‌ಇಡಿಗೆ ಪೊಲಾರಿಟಿ ಗುರುತು ಅಂತ ಒಂದು ಕಡೆ ಮಾತ್ರ ಅರ್ಧ ಎಂಎಂ ಗೆರೆ ಆಚೆ ಬಂದಿದೆ ಅಂದ್ಕೊಳ್ಳಿ, ಚೌಕ ಅಷ್ಟು ಅಗಲ ಆಗುತ್ತೆ, ಅದರ ಸೆಂಟರ್ ಕಾಲು ಎಂಎಂ ಸರಿಯುತ್ತೆ, ಆದ್ರೆ ಲೆನ್ಸ್ ಸೆಂಟರ್ ಇದ್ದಲ್ಲೇ ಇರುತ್ತೆ.

ನಾನು ಮಾಡೋದು ಗ್ರಿಡ್. ಗ್ರಿಡ್ ಸೆಟ್ಟಿಂಗ್‌ನಲ್ಲಿ ಹೊಸದಾಗಿ ಒಂದು ಸೇರಿಸಿ, ಎಕ್ಸ್ ಕಡೆ 12 ಎಂಎಂ, ವೈ ಕಡೆ ನಿಮಗೆ ಬೇಕಾದ್ದು, ಎರಡೂ ಬೇರೆಬೇರೆ ಕೊಡಬಹುದು. ಆಮೇಲೆ ಗ್ರಿಡ್ ಒರಿಜಿನ್‌ನ (ಗ್ರಿಡ್ ಶುರು ಆಗೋ ಬಿಂದು) ಡಿ1ನ ಮೊದಲ ಪ್ಯಾಡ್ (ಕಾಲಿಗೆ ಬೆಸುಗೆ ಹಾಕೋ ತಾಮ್ರದ ಜಾಗ) ಮೇಲೆ ಇಡಿ, ಎಸ್ ಒತ್ತಿದ್ರೆ ಕರ್ಸರ್ ಇರೋ ಕಡೆ ಒರಿಜಿನ್ ಬರುತ್ತೆ. ಈಗ ಒಂದೊಂದೇ ಎಲ್‌ಇಡಿ ಎತ್ತಿ ಮುಂದಿನ ಚುಕ್ಕೆ ಮೇಲೆ ಇಟ್ಕೊಂಡು ಹೋಗಿ ಅಷ್ಟೇ. ಎತ್ತೋವಾಗ ಕರ್ಸರ್ ಫುಟ್‌ಪ್ರಿಂಟ್‌ನ ಆಂಕರ್ (ಅದರ ಜಾಗ ಅಳೆಯೋ ಬಿಂದು) ಮೇಲೆ ಹಿಡಿಯೋ ಥರ ನೋಡ್ಕೊಳ್ಳಿ, ಪ್ರಿಫರೆನ್ಸ್‌ನಲ್ಲಿ ಕರ್ಸರ್ ತಾನೇ ಆಂಕರ್‌ಗೆ ಹೋಗೋ ಆಪ್ಶನ್ ಇದೆ ಅದನ್ನ ಆನ್ ಇಟ್ರೆ ತಲೆನೋವು ಇಲ್ಲ.

ಆಂಕರ್ ಅಂದಾಗ ಒಂದು ವಿಷಯ ಹೇಳ್ಲೇಬೇಕು. ಕೀಕ್ಯಾಡ್ ಲೈಬ್ರರಿ ನಿಯಮದಲ್ಲಿ ಬೋರ್ಡ್ ತೂತಿಗೆ ಕಾಲು ಹಾಕೋ ಕಾಂಪೊನೆಂಟ್‌ಗಳ ಆಂಕರ್ ಮೊದಲ ಪ್ಯಾಡ್ ಮೇಲಿರುತ್ತೆ, ಸರ್ಫೇಸ್ ಮೌಂಟ್‌ದು (ತೂತಿಲ್ಲದೆ ಬೋರ್ಡ್ ಮೇಲೇ ಬೆಸುಗೆ ಹಾಕೋದು) ಬಾಡಿ ಮಧ್ಯದಲ್ಲಿರುತ್ತೆ. ನಿಮ್ಮ ಎಲ್‌ಇಡಿ ಎರಡೂ ಥರದ್ದು ಕಾಲು ಅಂತರ 2.54 ಅಂದ್ರಿ, ಹಂಗಾದ್ರೆ ಲೆನ್ಸ್ ಸೆಂಟರ್ ಮೊದಲ ಪ್ಯಾಡ್‌ನಿಂದ 1.27 ಎಂಎಂ ಪಕ್ಕಕ್ಕೆ. ಎಲ್ಲಾ ಒಂದೇ ದಿಕ್ಕಿಗೆ ಮುಖ ಮಾಡಿದ್ರೆ ಆ 1.27 ಎಲ್ಲದಕ್ಕೂ ಒಂದೇ, ಹಂಗಾಗಿ ಪ್ಯಾಡ್‌ಗಳು 12ಕ್ಕೆ ಕೂತ್ರೆ ಲೆನ್ಸ್‌ಗಳೂ 12ಕ್ಕೆ ಕೂರುತ್ತೆ. ಆದ್ರೆ ರೂಟಿಂಗ್‌ಗೆ ಅನುಕೂಲ ಅಂತ ಯಾವುದಾದ್ರೂ ಒಂದನ್ನ 180 ಡಿಗ್ರಿ ತಿರುಗಿಸಿದ್ರೆ ಅದರ ಲೆನ್ಸ್ ಆ ಕಡೆ ಬದಲು ಈ ಕಡೆ 1.27 ಹೋಗುತ್ತೆ, ತೂತಿಂದ ಒಟ್ಟು 2.54 ದೂರ. ಗ್ರಿಡ್ ಮಾತ್ರ ಎಲ್ಲಾ ಸರಿ ಇದೆ ಅಂತಾನೇ ತೋರಿಸುತ್ತೆ. ಫುಟ್‌ಪ್ರಿಂಟ್ ನೀವೇ ಬರೆದಿದ್ದು ಅಂದ್ಮೇಲೆ ಈ ಬೋರ್ಡ್‌ಗೆ ಅಂತ ಆಂಕರ್‌ನ ಲೆನ್ಸ್ ಸೆಂಟರ್‌ಗೆ ತಂದುಬಿಡಿ, ಆಗ ಹೇಗೆ ತಿರುಗಿಸಿದ್ರೂ ತೂತು ತಪ್ಪಲ್ಲ.

ಮಿಲ್ (ಇಂಚಿನ ಸಾವಿರದ ಒಂದು ಭಾಗ) ಗ್ರಿಡ್‌ನಲ್ಲಿ ಇದನ್ನ ಮಾಡೋಕೆ ಹೋಗ್ಬೇಡಿ. 12 ಎಂಎಂ ಅಂದ್ರೆ 472.44 ಮಿಲ್, 25 ಮಿಲ್ ಗ್ರಿಡ್‌ನಲ್ಲಿ ಹತ್ತಿರದ್ದು 475, ಅದು 12.065 ಎಂಎಂ. ಒಂದು ಹೆಜ್ಜೆಗೆ ಏನೂ ಅನ್ಸಲ್ಲ, ಡಿ8 ಬರೋ ಹೊತ್ತಿಗೆ ಏಳು ಹೆಜ್ಜೆ ಸೇರಿ 0.455 ಆಗಿರುತ್ತೆ. ಪ್ಯಾನೆಲ್ ಎಂಎಂನಲ್ಲಿ ಅಂದ್ರೆ ಬೋರ್ಡೂ ಎಂಎಂನಲ್ಲಿ. 2.54 ಕನೆಕ್ಟರ್ ಒಂದು ಇದೆ ಅಂತ ಇಡೀ ಬೋರ್ಡ್ ಮಿಲ್‌ಗೆ ಹಾಕೋದು ಬೇಡ, ಆ ಕನೆಕ್ಟರ್‌ನ ಮೊದಲ ಪಿನ್ ಎಲ್ಲಿ ಬೇಕೋ ಅಲ್ಲಿ ಇಟ್ರೆ ಉಳಿದ ಪಿನ್ ಫುಟ್‌ಪ್ರಿಂಟ್ ನೋಡ್ಕೊಳ್ಳುತ್ತೆ.

ಕಿರುದೀಪ:

ತುಂಬಾ ಥ್ಯಾಂಕ್ಸ್ ಇಬ್ರಿಗೂ, ಸಮ ಅನ್ನೋದ್ರಲ್ಲೇ ಎರಡು ಥರ ಇದೆ ಅಂತ ಗೊತ್ತಿರಲಿಲ್ಲ. ಗ್ರಿಡ್ ಐಡಿಯಾ ಇಷ್ಟ ಆಯ್ತು. ಒಂದು ಡೌಟು, ಡಿ1ನ ಜಾಗ ಬೋರ್ಡ್ ಅಂಚಿಂದ 17.3 ಎಂಎಂ ಅಂತ ಡ್ರಾಯಿಂಗ್‌ನಲ್ಲಿದೆ, ಅದು ಲೆನ್ಸ್ ಸೆಂಟರ್‌ಗೆ. ಇಂಥ ನಂಬರ್ ಯಾವ ಗ್ರಿಡ್‌ಗೂ ಬರಲ್ಲ, ಅದನ್ನ ಹೇಗೆ ಇಡೋದು? ಮತ್ತೆ ರೆಸಿಸ್ಟರ್‌ಗಳು ಪ್ರತಿ ಎಲ್‌ಇಡಿ ಸೆಂಟರ್‌ಗೆ ಸರಿಯಾಗಿ ಕೆಳಗೆ ಬರಬೇಕು ಅಂದ್ರೆ ಒಂದೊಂದಕ್ಕೂ ಅಲೈನ್ ಕೊಡ್ಬೇಕಾ?

ಸಂಖ್ಯಾಶಾಸ್ತ್ರ:

ಅಂಥ ನಂಬರ್‌ನ ಮೌಸ್‌ನಲ್ಲಿ ಇಡೋಕೆ ಹೋಗ್ಬಾರ್ದು, ಟೈಪ್ ಮಾಡ್ಬೇಕು. ಕಾಂಪೊನೆಂಟ್ ಸೆಲೆಕ್ಟ್ ಮಾಡಿ ಇ ಒತ್ತಿದ್ರೆ ಪ್ರಾಪರ್ಟೀಸ್ ಬರುತ್ತೆ, ಅಲ್ಲಿ ಎಕ್ಸ್ ವೈ ನೇರ ಕೊಡಬಹುದು. ಆ ಬಾಕ್ಸ್‌ಗಳಲ್ಲಿ ಲೆಕ್ಕಾನೂ ಹಾಕಬಹುದು, 17.3 ಪ್ಲಸ್ 12 ಇಂಟು 3 ಅಂತ ಚಿಹ್ನೆ ಹಾಕಿ ಬರೆದ್ರೆ ಅದೇ 53.3 ಮಾಡ್ಕೊಳ್ಳುತ್ತೆ, ಡಿ4ಗೆ ಅಷ್ಟೇ ಬೇಕಾಗಿರೋದು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಪಕ್ಕದಲ್ಲಿ ಕ್ಯಾಲ್ಕ್ಯುಲೇಟರ್ ಇಟ್ಕೊಂಡು ಕೂತಿರ್ತಾರೆ.

ಅದಕ್ಕೂ ಮುಂಚೆ ಬೋರ್ಡ್‌ನ ಎಡಗಡೆ ಮೂಲೆಗೆ ಗ್ರಿಡ್ ಒರಿಜಿನ್ ಇಟ್ಟು, ಡಿಸ್‌ಪ್ಲೇ ಒರಿಜಿನ್ ಕೂಡ ಗ್ರಿಡ್ ಒರಿಜಿನ್ ಅಂತ ಪ್ರಿಫರೆನ್ಸ್‌ನಲ್ಲಿ ಬದಲಾಯಿಸಿ. ಆಗ ನೀವು ಬರೆಯೋ ನಂಬರ್ ಡ್ರಾಯಿಂಗ್‌ನಲ್ಲಿರೋ ನಂಬರ್ ಒಂದೇ ಆಗುತ್ತೆ. ಇಲ್ಲ ಅಂದ್ರೆ ಶೀಟ್‌ನ ಮೂಲೆಯಿಂದ ಲೆಕ್ಕ ಶುರು ಆಗಿ 117.3 ಅಥವಾ ಇನ್ನೇನೋ ಬರ್ತಿರುತ್ತೆ. ವೈ ಕೆಳಗೆ ಹೋದಷ್ಟೂ ಜಾಸ್ತಿ ಆಗುತ್ತೆ ಅನ್ನೋದು ನೆನಪಿರಲಿ, ಪ್ಯಾನೆಲ್ ಡ್ರಾಯಿಂಗ್‌ನಲ್ಲಿ ಸಾಮಾನ್ಯವಾಗಿ ಮೇಲಕ್ಕೆ ಜಾಸ್ತಿ ಆಗುತ್ತೆ.

ಇನ್ನೊಂದರಿಂದ ಇಷ್ಟು ದೂರ ಅಂತ ಇಡೋಕೆ ಶಿಫ್ಟ್ ಪಿ, ಪೊಸಿಷನ್ ರಿಲೇಟಿವ್. ಇದರಲ್ಲಿ ಒಂದು ಅಭ್ಯಾಸ ಇಟ್ಕೊಳ್ಳಿ, ಎಲ್ಲಾ ದೂರಾನೂ ಡಿ1ನಿಂದಾನೇ ಕೊಡಿ, ಡಿ2ಗೆ 12, ಡಿ3ಗೆ 24 ಹಿಂಗೆ. ಡಿ3ನ ಡಿ2ನಿಂದ ಡಿ4ನ ಡಿ3ನಿಂದ ಅಂತ ಹೋದ್ರೆ ಮಧ್ಯದಲ್ಲಿ ಒಂದು ಜರುಗಿದ್ರೂ ಅದರಾಚೆ ಇರೋದೆಲ್ಲಾ ಜರುಗಿರುತ್ತೆ.

ಡಿಸ್ಟ್ರಿಬ್ಯೂಟ್ ಲೆಕ್ಕದಲ್ಲಿ ಇನ್ನೊಂದು ಕಡೆ ಜನ ಎಡವೋದು, ಬೇಲಿಗೆ ಗೂಟ ನೆಟ್ಟ ಹಂಗೆ, ಗೂಟ 8 ಆದ್ರೆ ಮಧ್ಯದ ಅಂಕಣ 7. 80 ಎಂಎಂ ಜಾಗದಲ್ಲಿ 8 ಎಲ್‌ಇಡಿ ಅಂದ ತಕ್ಷಣ 10 ಎಂಎಂ ಅಂತ ಬರ್ಕೊಂಡ್ರೆ ಕೊನೇದು 70ಕ್ಕೇ ನಿಲ್ಲುತ್ತೆ. ಎರಡು ತುದೀಲೂ ಎಲ್‌ಇಡಿ ಇರಬೇಕು ಅಂದ್ರೆ 80 ಭಾಗಿಸು 7, ಸುಮಾರು 11.43. ಎರಡು ತುದೀಲೂ ಅರ್ಧರ್ಧ ಜಾಗ ಬಿಟ್ಟು ಕೂರಿಸಬೇಕು ಅಂದ್ರೆ ಆಗ 10 ಸರಿ, ಮೊದಲನೇದು ಅಂಚಿಂದ 5ಕ್ಕೆ ಶುರು. ಯಾವುದು ಬೇಕು ಅಂತ ಮೊದಲು ಪೇಪರ್ ಮೇಲೆ ಬರೆದು ಆಮೇಲೆ ಸಾಫ್ಟ್‌ವೇರ್ ಓಪನ್ ಮಾಡಿದ್ರೆ ಕೆಲಸ ಬೇಗ ಆಗುತ್ತೆ.

ರೆಸಿಸ್ಟರ್‌ಗೆ ಒಂದೊಂದಕ್ಕೂ ಅಲೈನ್ ಬೇಡ. ಡಿ1 ಮತ್ತು ಅದರ ಆರ್1 ಮೊದಲು ನಿಮಗೆ ಹೇಗೆ ಬೇಕೋ ಹಂಗೆ ಇಡಿ. ಆಮೇಲೆ ಉಳಿದ ಏಳು ರೆಸಿಸ್ಟರ್‌ನ ಅದೇ 12 ಎಂಎಂ ಗ್ರಿಡ್‌ನಲ್ಲಿ ಒರಿಜಿನ್ ಮಾತ್ರ ಆರ್1 ಮೇಲೆ ಬದಲಾಯಿಸಿ ಇಡ್ಕೊಂಡು ಹೋಗಿ. ಎರಡೂ ಸಾಲು 12ರಲ್ಲೇ ಇರೋದ್ರಿಂದ ಮೊದಲನೇ ಜೋಡಿ ಸರಿ ಇದ್ರೆ ಎಂಟೂ ಜೋಡಿ ಸರಿ ಇರುತ್ತೆ. ಎತ್ತೋ ಕ್ರಮಕ್ಕೂ ಒಂದು ಸುಲಭ ದಾರಿ ಇದೆ, ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟ್ ಚಿತ್ರ) ಆರ್1 ಇಂದ ಆರ್8 ಸೆಲೆಕ್ಟ್ ಮಾಡಿ ಬೋರ್ಡ್ ಕಡೆ ಬಂದು ಕಂಟ್ರೋಲ್ ಎಂ ಒತ್ತಿದ್ರೆ ಒಂದು ಇಟ್ಟ ತಕ್ಷಣ ಮುಂದಿನದು ತಾನೇ ಕರ್ಸರ್‌ಗೆ ಬರುತ್ತೆ.

ಹೊಗೆಮೋಡ:

ಒಂದು ಮಾತು ಸೇರಿಸ್ತೀನಿ, ಬೋರ್ಡ್ ಪೂರ್ತಿ ಸಾಲಾಗಿ ಇರಬೇಕು ಅಂತ ಮೊದಲ ಪೋಸ್ಟ್‌ನಲ್ಲಿ ಬರೆದಿದ್ದು ಓದಿದ್ಮೇಲೆ ಸ್ವಲ್ಪ ಕಳವಳ ಆಯ್ತು. ಎಲ್‌ಇಡಿ, ಸ್ವಿಚ್, ಕನೆಕ್ಟರ್ ಇವೆಲ್ಲ ಕೈಗೆ ಕಣ್ಣಿಗೆ ಸಿಗೋವು, ಅವು ಸಾಲಲ್ಲೇ ಇರಬೇಕು. ಆದ್ರೆ ಆ ಕಂಟ್ರೋಲರ್ ಸುತ್ತ ಇರೋ ಡಿಕಪ್ಲಿಂಗ್ ಕೆಪಾಸಿಟರ್‌ನ ದಯವಿಟ್ಟು ಸಾಲು ಮಾಡೋಕೆ ಹೋಗ್ಬೇಡಿ. ಅದರ ಕೆಲಸಾನೇ ಐಸಿಯ ಪವರ್ ಪಿನ್ ಪಕ್ಕ ನಿಂತು ಕರೆಂಟ್ ಸುತ್ತೋ ದಾರಿ ಚಿಕ್ಕದು ಮಾಡೋದು. ಪವರ್ ಪಿನ್ ಐಸಿಯ ನಾಲ್ಕು ಕಡೆ ಇದ್ರೆ ಕೆಪಾಸಿಟರ್ ನಾಲ್ಕು ಕಡೆ ಹೋಗ್ಬೇಕು. ಚಂದ ಕಾಣುತ್ತೆ ಅಂತ ನಾಲ್ಕನ್ನೂ ಒಂದು ಕಡೆ ತಂದು ಸಮ ಅಂತರದಲ್ಲಿ ಜೋಡಿಸಿದ್ರೆ ಟ್ರೇಸ್ (ತಾಮ್ರದ ಗೆರೆ) ಉದ್ದ ಆಗುತ್ತೆ, ಉದ್ದ ಆದಷ್ಟೂ ಇಂಡಕ್ಟೆನ್ಸ್ ಜಾಸ್ತಿ, ಆ ಕೆಪಾಸಿಟರ್ ಇದ್ದೂ ಇಲ್ಲದ ಹಂಗೆ. ಕ್ರಿಸ್ಟಲ್‌ಗೂ ಅದರ ಲೋಡ್ ಕೆಪಾಸಿಟರ್‌ಗೂ ಇದೇ ಮಾತು. ಸ್ವಿಚಿಂಗ್ ರೆಗ್ಯುಲೇಟರ್ ಇದ್ರಂತೂ ಅದರ ಇನ್‌ಪುಟ್ ಕೆಪಾಸಿಟರ್ ಎಲ್ಲಿರಬೇಕು ಅಂತ ಡೇಟಾಶೀಟ್‌ನಲ್ಲಿ ಲೇಔಟ್ ಚಿತ್ರ ಸಾಮಾನ್ಯವಾಗಿ ಕೊಟ್ಟಿರ್ತಾರೆ, ಅದನ್ನ ಹಂಗೇ ಇಡಿ.

ಅಸೆಂಬ್ಲಿ ಮಷೀನ್‌ಗೆ ಸಾಲು ಬೇಕಾಗೇ ಇಲ್ಲ. ಪಿಕ್ ಅಂಡ್ ಪ್ಲೇಸ್‌ಗೆ ಪ್ರತಿ ಕಾಂಪೊನೆಂಟ್‌ದೂ ಎಕ್ಸ್ ವೈ ಮತ್ತು ಎಷ್ಟು ಡಿಗ್ರಿ ತಿರುಗಿದೆ ಅಂತ ಫೈಲ್ ಹೋಗುತ್ತೆ, 17.3 ಆದ್ರೂ ಒಂದೇ 20 ಆದ್ರೂ ಒಂದೇ. ಮನುಷ್ಯರು ಚೆಕ್ ಮಾಡೋವಾಗ ಉಪಯೋಗಕ್ಕೆ ಬರೋದು ದಿಕ್ಕು. ಪೊಲಾರಿಟಿ ಇರೋ ಡಯೋಡ್, ಎಲೆಕ್ಟ್ರೊಲಿಟಿಕ್ ಎಲ್ಲಾ ಒಂದೇ ದಿಕ್ಕಿಗೆ ಇದ್ರೆ ಉಲ್ಟಾ ಕೂತಿರೋದು ಒಂದೇ ನೋಟಕ್ಕೆ ಸಿಗುತ್ತೆ. ಸಾಧ್ಯ ಇದ್ದಲ್ಲೆಲ್ಲಾ ಅದನ್ನ ಮಾಡಿ.

ಹತ್ತಿರ ತರೋವಾಗ ಕೋರ್ಟ್‌ಯಾರ್ಡ್ (ಕಾಂಪೊನೆಂಟ್ ಸುತ್ತ ಖಾಲಿ ಇರಬೇಕಾದ ಜಾಗದ ಗಡಿ) ನೋಡ್ಕೊಳ್ಳಿ. ಕೀಕ್ಯಾಡ್ ಲೈಬ್ರರೀಲಿ ಸಾಮಾನ್ಯ ಕಾಂಪೊನೆಂಟ್‌ಗೆ ಸುತ್ತ 0.25 ಎಂಎಂ ಬಿಟ್ಟಿರ್ತಾರೆ, ಕನೆಕ್ಟರ್‌ಗೆ 0.5. ಎರಡು ಕೋರ್ಟ್‌ಯಾರ್ಡ್ ಒಂದರ ಮೇಲೊಂದು ಬಂದ್ರೆ ಡಿಆರ್‌ಸಿ (ಸಾಫ್ಟ್‌ವೇರ್ ತಾನೇ ಮಾಡೋ ಡಿಸೈನ್ ನಿಯಮಗಳ ಚೆಕ್) ಹೇಳುತ್ತೆ. ನೀವೇ ಬರೆದ ಫುಟ್‌ಪ್ರಿಂಟ್‌ನಲ್ಲಿ ಕೋರ್ಟ್‌ಯಾರ್ಡ್ ಹಾಕಿದ್ದೀರಾ ಇಲ್ವಾ ಒಮ್ಮೆ ನೋಡಿ, ಅದು ಇಲ್ಲ ಅಂದ್ರೆ ಈ ಚೆಕ್ ನಡೆಯಲ್ಲ.

ಅಷ್ಟದಿಕ್ಕು:

ಇದೇ ಥ್ರೆಡ್‌ನಲ್ಲಿ ಕೇಳ್ತೀನಿ ಬೇಜಾರಿಲ್ಲ ತಾನೇ. ನಂದು ನೇರ ಸಾಲಲ್ಲ, ದುಂಡಗೆ. 25 ಎಂಎಂ ರೇಡಿಯಸ್ ವೃತ್ತದ ಮೇಲೆ 12 ಎಲ್‌ಇಡಿ, ಗಡಿಯಾರದ ಥರ, ಡಬ್ಲ್ಯೂಎಸ್2812ಬಿ, 5 ಎಂಎಂ ಚೌಕದ್ದು. ಆಮೇಲೆ ಅದೇ ಬೋರ್ಡ್‌ನಲ್ಲಿ ಸೆಕೆಂಡ್‌ಗೆ ಅಂತ 60 ಎಲ್‌ಇಡಿ ಹೊರ ವೃತ್ತ ಮಾಡ್ಬೇಕು ಅಂತಿದೆ. ಅಲೈನ್ ಡಿಸ್ಟ್ರಿಬ್ಯೂಟ್ ಇದಕ್ಕೆ ಆಗಲ್ಲ ಅಲ್ವಾ?

ಸಂಖ್ಯಾಶಾಸ್ತ್ರ:

ಆಗಲ್ಲ, ಅದು ಅಡ್ಡ ಉದ್ದ ಎರಡೇ ದಿಕ್ಕು ನೋಡೋದು. ಇದಕ್ಕೆ ಅರೇ ಟೂಲ್, ಕಂಟ್ರೋಲ್ ಟಿ, ಅದರಲ್ಲಿ ಸರ್ಕ್ಯುಲರ್ ಟ್ಯಾಬ್. ಸೆಂಟರ್ ಕೊಡಿ, ಕೋನ 30 ಡಿಗ್ರಿ, ಸಂಖ್ಯೆ 12, ಜೊತೆಗೆ ಐಟಂಗಳೂ ತಿರುಗಲಿ ಅನ್ನೋ ಟಿಕ್. ಆದ್ರೆ ಹುಷಾರಾಗಿರಿ, ಹಳೆ ವರ್ಷನ್‌ಗಳಲ್ಲಿ ಅರೇ ಅಂದ್ರೆ ಕಾಪಿ ಮಾಡೋದು. ಬೋರ್ಡ್‌ನಲ್ಲಿ ಕಾಪಿ ಮಾಡಿದ ಫುಟ್‌ಪ್ರಿಂಟ್‌ಗೆ ಸ್ಕೀಮ್ಯಾಟಿಕ್‌ನಲ್ಲಿ ಸಿಂಬಲ್ ಇರಲ್ಲ, ಆಮೇಲೆ ಸ್ಕೀಮ್ಯಾಟಿಕ್‌ನಿಂದ ಅಪ್‌ಡೇಟ್ ಮಾಡೋವಾಗ ಸಿಂಬಲ್ ಇಲ್ಲದವನ್ನ ಡಿಲೀಟ್ ಮಾಡು ಅನ್ನೋದು ಆನ್ ಇದ್ರೆ ಎಲ್ಲಾ ಮಾಯ. 9ರಲ್ಲಿ ಇರೋ ಸೆಲೆಕ್ಷನ್‌ನೇ ಜೋಡಿಸು ಅನ್ನೋ ಆಪ್ಶನ್ ಇದೆ, ಸ್ಕೀಮ್ಯಾಟಿಕ್‌ನಿಂದ ಬಂದ 12 ಎಲ್‌ಇಡಿನೂ ಸೆಲೆಕ್ಟ್ ಮಾಡಿ ಅದನ್ನ ಬಳಸಿ.

60ರ ವೃತ್ತಕ್ಕೆ ಮೊದಲು ಜಾಗ ಇದೆಯಾ ನೋಡಿ. 25 ಎಂಎಂ ರೇಡಿಯಸ್‌ನಲ್ಲಿ 12 ಇಟ್ರೆ ಪಕ್ಕದ ಎರಡು ಸೆಂಟರ್‌ಗಳ ನೇರ ದೂರ 2 ಇಂಟು 25 ಇಂಟು ಸೈನ್ 15 ಡಿಗ್ರಿ, 12.94 ಎಂಎಂ, ಆರಾಮ. 60ಕ್ಕೆ ಕೋನ 6 ಡಿಗ್ರಿ. ಚೌಕ ಎಲ್‌ಇಡಿ ತಿರುಗಿಸಿ ಇಟ್ಟಾಗ ಒಳಗಡೆ ಮೂಲೆಗಳೇ ಮೊದಲು ತಾಗೋದು, ಹಂಗಾಗಿ ಸೆಂಟರ್ ಲೆಕ್ಕ ಸಾಲದು, ಒಳ ಅಂಚಿನ ಲೆಕ್ಕ ಹಾಕ್ಬೇಕು. ಒಂದೊಂದಕ್ಕೆ 5 ಎಂಎಂ ಪ್ಲಸ್ ಮಧ್ಯೆ 0.5 ಅಂತ 5.5 ಇಟ್ಕೊಂಡ್ರೆ ಒಳ ಅಂಚಿನ ರೇಡಿಯಸ್ 5.5 ಭಾಗಿಸು (2 ಇಂಟು ಟ್ಯಾನ್ 3 ಡಿಗ್ರಿ), ಸುಮಾರು 52.5. ಅದಕ್ಕೆ ಅರ್ಧ ಎಲ್‌ಇಡಿ 2.5 ಸೇರಿಸಿದ್ರೆ ಸೆಂಟರ್ ವೃತ್ತದ ರೇಡಿಯಸ್ 55 ಎಂಎಂ ಬೇಕು, ಬೋರ್ಡ್ 115 ಎಂಎಂಗಿಂತ ದೊಡ್ಡದಾಗುತ್ತೆ. ಅಷ್ಟು ಜಾಗ ಇಲ್ಲ ಅಂದ್ರೆ ಚಿಕ್ಕ ಪ್ಯಾಕೇಜ್ ಹುಡುಕಿ.

ಪೈಥಾನ್ ಬರುತ್ತೆ ಅಂದ್ರೆ ಕೀಕ್ಯಾಡ್‌ನ ಸ್ಕ್ರಿಪ್ಟಿಂಗ್ ಕನ್ಸೋಲ್‌ನಲ್ಲಿ ಒಂದು ಚಿಕ್ಕ ಲೂಪ್ ಸಾಕು, ಹೆಸರಿಂದ ಫುಟ್‌ಪ್ರಿಂಟ್ ಹುಡುಕಿ, ಸೆಂಟರ್ ಎಕ್ಸ್‌ಗೆ ರೇಡಿಯಸ್ ಇಂಟು ಕಾಸ್ ಕೂಡಿಸಿ, ಸೆಂಟರ್ ವೈಯಿಂದ ರೇಡಿಯಸ್ ಇಂಟು ಸೈನ್ ಕಳೆದು ಪೊಸಿಷನ್ ಕೊಡೋದು, ಅದೇ ಕೋನಾನ ಓರಿಯಂಟೇಷನ್‌ಗೂ ಕೊಡೋದು. ವೈ ಕೆಳಗೆ ಬೆಳೆಯೋದ್ರಿಂದ ಕಳೀಬೇಕು, ಕೂಡಿಸಿದ್ರೆ ಎಲ್‌ಇಡಿಗಳ ಕ್ರಮ ಉಲ್ಟಾ ಸುತ್ತುತ್ತೆ. ಗಡಿಯಾರ ಅಂದ್ರಲ್ಲ, ನಿಮಗೆ ಬಲಕ್ಕೆ ಸುತ್ತೋ ಕ್ರಮ ಬೇಕಾಗಿರುತ್ತೆ, ಹಂಗಾಗಿ 90 ಡಿಗ್ರಿಯಿಂದ ಶುರು ಮಾಡಿ ಪ್ರತಿ ಹೆಜ್ಜೆಗೆ ಕೋನ ಕಮ್ಮಿ ಮಾಡ್ಕೊಂಡು ಹೋಗಿ.

ತಾಮ್ರಗೆರೆ:

ಬೇರೆ ಸಾಫ್ಟ್‌ವೇರ್ ಬಳಸೋರು ಓದ್ತಿದ್ರೆ, ಆಲ್ಟಿಯಂನಲ್ಲಿ ಕಾಂಪೊನೆಂಟ್ ಸೆಲೆಕ್ಟ್ ಮಾಡಿ ಎ ಒತ್ತಿದ್ರೆ ಅಲೈನ್ ಮೆನು ಪೂರ್ತಿ ಬರುತ್ತೆ, ಶಿಫ್ಟ್ ಕಂಟ್ರೋಲ್ ಎಚ್ ಅಡ್ಡಕ್ಕೆ ಡಿಸ್ಟ್ರಿಬ್ಯೂಟ್, ಶಿಫ್ಟ್ ಕಂಟ್ರೋಲ್ ವಿ ಉದ್ದಕ್ಕೆ, ಶಿಫ್ಟ್ ಕಂಟ್ರೋಲ್ ಡಿ ಎಲ್ಲಾನೂ ಗ್ರಿಡ್‌ಗೆ ಕೂರಿಸುತ್ತೆ. ಈಗಲ್‌ನಲ್ಲಿ ಕಮಾಂಡ್ ಲೈನ್‌ನಲ್ಲಿ ಮೂವ್ ಅಂತ ಬರೆದು ಕಾಂಪೊನೆಂಟ್ ಹೆಸರು ಆಮೇಲೆ ಬ್ರಾಕೆಟ್‌ನಲ್ಲಿ ಎಕ್ಸ್ ವೈ ಕೊಟ್ರೆ ಅಲ್ಲಿಗೇ ಹೋಗುತ್ತೆ, ಎಂಟು ಸಾಲಿನ ಸ್ಕ್ರಿಪ್ಟ್ ಫೈಲ್ ಮಾಡಿದ್ರೆ ಇಡೀ ಸಾಲು ಒಂದೇ ಸಲಕ್ಕೆ. ಯಾವುದೇ ಆದ್ರೂ ಆಪ್ಶನ್ ಕೊಟ್ಟ ಮೇಲೆ ಒಂದು ದೊಡ್ಡದು ಒಂದು ಚಿಕ್ಕದರ ಮಧ್ಯೆ ಸೆಂಟರ್ ದೂರ ಅಳೆದು ನೋಡಿ, ಆ ಸಾಫ್ಟ್‌ವೇರ್ ಸಮ ಅಂದ್ರೆ ಏನು ಅಂದ್ಕೊಂಡಿದೆ ಅಂತ ತಕ್ಷಣ ಗೊತ್ತಾಗುತ್ತೆ.

ಕಿರುದೀಪ:

ಅಪ್‌ಡೇಟ್ ಕೊಡೋಕೆ ಬಂದೆ. ಫುಟ್‌ಪ್ರಿಂಟ್‌ನಲ್ಲಿ ಆಂಕರ್ ಲೆನ್ಸ್ ಸೆಂಟರ್‌ಗೆ ತಂದು, ಡಿ1ಗೆ 17.3 ಟೈಪ್ ಮಾಡಿ ಲಾಕ್ ಮಾಡಿ, 12 ಎಂಎಂ ಗ್ರಿಡ್‌ನಲ್ಲಿ ಉಳಿದದ್ದು ಇಟ್ಟೆ. ಈಗ ಯಾವ ಎರಡು ಅಳೆದ್ರೂ ಸರಿಯಾಗಿ 12, ಡಿ8 101.3ಕ್ಕೆ ಕೂತಿದೆ. ರೆಸಿಸ್ಟರ್ ಸಾಲೂ ಅದೇ ಥರ ಆಯ್ತು. ಕೋರ್ಟ್‌ಯಾರ್ಡ್ ಇರಲಿಲ್ಲ, ಸೇರಿಸಿದೆ. ಕೆಪಾಸಿಟರ್‌ಗಳನ್ನ ಪಿನ್ ಪಕ್ಕ ವಾಪಸ್ ತಂದೆ, ನೋಡೋಕೆ ಅಷ್ಟು ಸಾಲಾಗಿಲ್ಲ ಆದ್ರೆ ಟ್ರೇಸ್ ಎಷ್ಟು ಚಿಕ್ಕದಾಯ್ತು ಅಂತ ಖುಷಿ ಆಯ್ತು. ಕೊನೇದು ಒಂದು, ಡಿ1 ಡಿ2 ಅಂತ ಬರೆದಿರೋ ಸಿಲ್ಕ್‌ಸ್ಕ್ರೀನ್ (ಬೋರ್ಡ್ ಮೇಲೆ ಪ್ರಿಂಟ್ ಆಗೋ) ಅಕ್ಷರಗಳು ಒಂದೊಂದು ಒಂದೊಂದು ಕಡೆ ಇದೆ, ದೊಡ್ಡ ಎಲ್‌ಇಡಿದು ಮೇಲೆ ಚಿಕ್ಕದರದ್ದು ಕೆಳಗೆ. ಅದನ್ನೂ ಸಾಲು ಮಾಡೋಕೆ ಆಗುತ್ತಾ?

ಗ್ರಿಡ್‌ಪ್ರೇಮಿ:

ಆಗುತ್ತೆ, ಅಕ್ಷರಕ್ಕೂ ಅಲೈನ್ ಕೆಲಸ ಮಾಡುತ್ತೆ. ಬಲಗಡೆ ಕೆಳಗಿರೋ ಸೆಲೆಕ್ಷನ್ ಫಿಲ್ಟರ್‌ನಲ್ಲಿ ಟೆಕ್ಸ್ಟ್ ಮಾತ್ರ ಬಿಟ್ಟು ಉಳಿದ ಟಿಕ್ ತೆಗೀರಿ, ಆಮೇಲೆ ಸಾಲಿನ ಸುತ್ತ ಚೌಕ ಎಳೆದ್ರೆ ಅಕ್ಷರಗಳು ಮಾತ್ರ ಸೆಲೆಕ್ಟ್ ಆಗುತ್ತೆ. ಮೇಲೆ ಕೆಳಗೆ ಸಮ ಮಾಡೋಕೆ ಡಿ1ರ ಅಕ್ಷರದ ಮೇಲೆ ರೈಟ್ ಕ್ಲಿಕ್ ಮಾಡಿ ಅಲೈನ್ ಬಾಟಮ್. ಅದಕ್ಕೂ ಮುಂಚೆ ಎಡಿಟ್ ಮೆನುವಿನಲ್ಲಿ ಟೆಕ್ಸ್ಟ್ ಪ್ರಾಪರ್ಟೀಸ್ ಒಟ್ಟಿಗೆ ಬದಲಾಯಿಸೋದು ಇದೆ, ಎಲ್ಲಾ ಅಕ್ಷರದ ಎತ್ತರ ದಪ್ಪ ಒಂದೇ ಮಾಡ್ಕೊಳ್ಳಿ. ಕೆಲಸ ಆದ್ಮೇಲೆ ಫಿಲ್ಟರ್ ಟಿಕ್ ವಾಪಸ್ ಹಾಕಿ, ಇಲ್ಲಾಂದ್ರೆ ಆಮೇಲೆ ಏನೂ ಸೆಲೆಕ್ಟ್ ಆಗ್ತಿಲ್ಲ ಅನ್ಸುತ್ತೆ.

ಆರ್ಡರ್ ಕೊಡೋ ಮುಂಚೆ ಬೋರ್ಡ್‌ನ 1ಕ್ಕೆ 1 ಅಳತೇಲಿ ಪೇಪರ್‌ಗೆ ಪ್ರಿಂಟ್ ತೆಗೆದು ಪ್ಯಾನೆಲ್ ಹಿಂದೆ ಹಿಡಿದು ನೋಡಿ. ಪ್ರಿಂಟ್ ಡೈಲಾಗ್‌ನಲ್ಲಿ ಪೇಜ್‌ಗೆ ಹೊಂದಿಸು ಅನ್ನೋದು ಆಫ್ ಇರಬೇಕು. ಮೊದಲು ಸ್ಕೇಲ್ ಇಟ್ಟು ಡಿ1 ಇಂದ ಡಿ8ಕ್ಕೆ 84 ಬಂದಿದೆಯಾ ನೋಡಿ, ಬರ್ಲಿಲ್ಲ ಅಂದ್ರೆ ಪ್ರಿಂಟರ್ ಅಳತೆ ಬದಲಾಯಿಸಿದೆ ಅಂತ, ಆ ಪೇಪರ್ ನಂಬಬೇಡಿ. ಪ್ಯಾನೆಲ್‌ನ 3ಡಿ ಫೈಲ್ ನಿಮ್ಮ ಹತ್ರ ಇದ್ರೆ ಬೋರ್ಡ್‌ನ ಸ್ಟೆಪ್ (3ಡಿ ಫೈಲ್ ಫಾರ್ಮ್ಯಾಟ್) ಆಗಿ ಎಕ್ಸ್‌ಪೋರ್ಟ್ ಮಾಡಿ ಎರಡನ್ನೂ ಒಟ್ಟಿಗೆ ಇಟ್ಟು ನೋಡಬಹುದು, ಆಗ ಎಲ್‌ಇಡಿ ಎತ್ತರಾನೂ ಗೊತ್ತಾಗುತ್ತೆ.